ಕೊಸರು ಹಾಕದ ರಿಂಗು

ಜುಲೈ 14, ಸೋಮವಾರ

ಬಂಕಾಪುರ ದಾಟುವವರೆಗೆ ನಿಂತೇ ಬಂದೆ. ಆಮೇಲೆ ಕಿಟಕಿ ಸೀಟು. ರಷ್ಯನ್ ಕಾದಂಬರಿ, ಅರ್ಧ ಮುಗಿದಿದೆ. ಹಾನಗಲ್ ಲೈಬ್ರರಿಯ ಪ್ರತಿ, ಮುದ್ರೆ ಮಸುಕು. ಅನುವಾದಕರು ಸಮೋವರ್‌ಗೆ ಅಡಿಟಿಪ್ಪಣಿ ಕೊಟ್ಟಿದ್ದಾರೆ — ಚಹಾ ಕಾಯಿಸುವ ಹಿತ್ತಾಳೆಯ ಪಾತ್ರೆ. ಹಿಮಕ್ಕೆ ಕೊಟ್ಟಿಲ್ಲ. ಹಿಮ ನಮಗೆ ಗೊತ್ತು ಅಂದುಕೊಂಡರೇನೋ.

ಶಿಗ್ಗಾವಿಯಲ್ಲಿ ಇಳಿದು ಫ್ಯಾಕ್ಟರಿಗೆ. ಫ್ಯಾಕ್ಟರಿ ಅನ್ನುವವರು ನಾವಷ್ಟೇ. ತಗಡಿನ ಶೆಡ್ಡು, ರಬ್ಬರನ್ನು ಕಾಯಿಸಿ ಅಚ್ಚಿಗೆ ಒತ್ತುವ ಮೂರು ಪ್ರೆಸ್. ಅಕ್ಕಿ ಗಿರಣಿಯಲ್ಲಿ ಭತ್ತ ಸುಲಿಯುವ ರಬ್ಬರ್ ರೋಲು ಮಾಡುತ್ತೇವೆ. ಬಿಲ್ಲು, ಪತ್ರ ನನ್ನವು. ಹೊರಗೆ ಹೋಗುವ ಮಾಲನ್ನು ಅಳೆಯುವುದೂ ನಾನೇ.

ಮಧ್ಯಾಹ್ನ ಮಾಲೀಕರು ಶಹಾಬುದ್ದೀನ ಸಾಹೇಬರು ಹುಬ್ಬಳ್ಳಿಯಿಂದ ಬಂದರು. ಕರವಸ್ತ್ರ ಬಿಚ್ಚಿ ನನ್ನ ಟೇಬಲ್ ಮೇಲೆ ಒಂದು ಕಪ್ಪು ರಿಂಗು ಇಟ್ಟರು. ಅಂಗೈಯಷ್ಟು ಅಗಲ, ಒತ್ತಿ ಒತ್ತಿ ಚಪ್ಪಟೆಯಾದದ್ದು.

“ಬಾಯಾರ, ನಿಮ್ಮ ರಷ್ಯಾದವ್ರದ್ದು ಬಂದೈತಿ ನೋಡ್ರಿ.”

ಸೈನ್ಯದ ಯಾವುದೋ ವಾಹನದ್ದು. ಎಣ್ಣೆ ಸೋರದಂತೆ ತಡೆಯುವ ರಬ್ಬರ್. ಹುಬ್ಬಳ್ಳಿಯ ಒಂದು ಹಾಲ್‌ನಲ್ಲಿ ಅಧಿಕಾರಿಗಳು ಉದ್ದಕ್ಕೆ ಟೇಬಲ್ ಹಾಕಿ, ರಷ್ಯಾದಿಂದ ಸರಿಯಾಗಿ ಬರದೇ ಇರುವ ಸಾಮಾನನ್ನೆಲ್ಲ ಹರವಿದ್ದರಂತೆ. ಯಾರಿಗೆ ಯಾವುದು ಮಾಡಲು ಸಾಧ್ಯವೋ ಸಹಿ ಹಾಕಿ ಒಯ್ಯಿರಿ ಅಂದರಂತೆ. ಸಂತೆಯ ಹಾಗೇ ಇತ್ತು, ಆದರೆ ಯಾರೂ ಚೌಕಾಸಿ ಮಾಡಲಿಲ್ಲ ಅಂದರು ಸಾಹೇಬರು.

ರಿಂಗಿನ ಅಂಚಿನಲ್ಲಿ ಎರಡು ಅಕ್ಷರ ಎದ್ದಿವೆ. ಒಂದು ನನಗೆ ಗೊತ್ತು. ಕಾದಂಬರಿಯ ಮೊದಲ ಪುಟದಲ್ಲಿ ಮೂಲದ ಹೆಸರು ಅಚ್ಚಾಗಿರುತ್ತದಲ್ಲ, ಅಲ್ಲಿ ನೋಡಿದ್ದೆ. ಓದಲು ಬರುವುದಿಲ್ಲ. ಗುರುತಷ್ಟೇ.

ಇಷ್ಟು ವರ್ಷ ಅವರ ದುಃಖ ಓದಿದ್ದೇನೆ. ಅವರ ರಬ್ಬರ್ ಮುಟ್ಟಿದ್ದು ಇವತ್ತೇ.

ಜುಲೈ 16, ಬುಧವಾರ

ಸುಮೇರಾ ಎಲ್ಲ ಬಿಡಿಸಿ ಹೇಳಿದಳು. ಸಾಹೇಬರ ಮಗಳು, ಡಿಪ್ಲೊಮಾ ಆಗಿದೆ, ಕಂಪ್ಯೂಟರ್ ಕೆಲಸ ಅವಳದು. ಅಲ್ಲಿ ಯುದ್ಧ ಶುರುವಾದಾಗಿನಿಂದ ಅವರ ಕಾರ್ಖಾನೆಗಳಿಗೆ ತಮ್ಮವರಿಗೆ ಪೂರೈಸುವುದೇ ಸಾಕಾಗಿದೆ. ನಮ್ಮವರು ಕೇಳುತ್ತಾರೆ, ಅವರು ಕಳಿಸುತ್ತೇವೆ ಅನ್ನುತ್ತಾರೆ. ಬರುವುದಿಲ್ಲ. ಡ್ರಾಯಿಂಗ್ ಕೊಡಿ, ನಾವೇ ಮಾಡಿಕೊಳ್ಳುತ್ತೇವೆ ಅಂದರೆ ಅದಕ್ಕೂ ಉತ್ತರ ಇಲ್ಲ. ಅಂದರೆ ಹೊಸದಾಗಿ ಇದ್ದಾಗ ಈ ರಿಂಗು ಎಷ್ಟು ದಪ್ಪ ಇತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿರುವವರು ಸುಮ್ಮನಿದ್ದಾರೆ.

ಸ್ಯಾಂಪಲ್ ಎರಡು ಸಲ ಕೊಡಬಹುದು. ಮೂರನೆಯದು ಇಲ್ಲ.

ಹಾನಗಲ್ಲಿನ ಗಿರಣಿಯವರು ಹೊರಗಿನ ದೊಡ್ಡ ಕಂಪನಿಯ ರೋಲಿಗೆ ಹೋದ ಮೇಲೆ ನಮ್ಮ ಮೂರು ಪ್ರೆಸ್‌ಗಳಲ್ಲಿ ಎರಡು ತಣ್ಣಗಿವೆ. ಈ ರಿಂಗು ಪಾಸಾದರೆ ಎರಡನೆಯದು ಕಾಯುತ್ತದೆ. ಆಗದಿದ್ದರೆ ದೀಪಾವಳಿಗೆ ಮೂರನ್ನೂ ಹುಬ್ಬಳ್ಳಿಯವರಿಗೆ ಮಾರಿಬಿಡುತ್ತೇನೆ ಅಂದರು ಸಾಹೇಬರು. ಮಳೆ ಬರಬಹುದು ಅನ್ನುವ ದನಿಯಲ್ಲಿ ಹೇಳಿದರು. ಪ್ರೆಸ್ ನಡೆಸುವ ಪೀರಸಾಬ ತಲೆ ಎತ್ತಲಿಲ್ಲ. ಒರೆಸಿದ ಅಚ್ಚನ್ನೇ ಮತ್ತೆ ಒರೆಸುತ್ತಿದ್ದ.

ಜುಲೈ 20, ಭಾನುವಾರ

ಸುನೀಲನ ಫೋನು. ಮೊದಲು ಅವ್ವ. ಏನು ಉಂಡೆ, ಥಂಡಿ ಐತೇನು, ಕಾಲುಚೀಲ ಹಾಕ್ಕೋತೀಯೋ ಇಲ್ಲೋ. ಸುನೀಲ ನನ್ನ ತಮ್ಮ, ಸೈನ್ಯದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಈಗ ಉತ್ತರದಲ್ಲೆಲ್ಲೋ. ಊರು ಹೇಳುವುದಿಲ್ಲ.

ನನ್ನ ಸರದಿ ಬಂದಾಗ ಕೇಳಿದೆ — ನಿಮ್ಮಲ್ಲಿ ಗಾಡಿಗಳು ಸ್ಪೇರ್ ಇಲ್ಲದೆ ನಿಂತಿವೆಯೇನು?



“ಅಕ್ಕ, ಅದನ್ನ ಫೋನಿನಾಗ ಕೇಳಬಾರದು. ಎದುರಿಗೂ ಕೇಳಬಾರದು.”

ಸಿಟ್ಟಿರಲಿಲ್ಲ. ಮಗುವಿಗೆ ಬಿಸಿ ಪಾತ್ರೆ ಮುಟ್ಟಬೇಡ ಅನ್ನುವ ದನಿ. ನನಗಿಂತ ಒಂಬತ್ತು ವರ್ಷ ಚಿಕ್ಕವನು.

ಆಗಸ್ಟ್ 2, ಶನಿವಾರ

ಮೊದಲ ಸ್ಯಾಂಪಲ್ ತಯಾರು. ಹತ್ತು ರಿಂಗು.

ಹಳೆಯ ರಿಂಗನ್ನು ವರ್ನಿಯರ್‌ನಲ್ಲಿ ಎಂಟು ಕಡೆ ಅಳೆದಿದ್ದೆ, ಸುತ್ತಲೂ ಸಮ ಅಂತರದಲ್ಲಿ. ಯಾವ ಎರಡೂ ಒಂದೇ ಬರಲಿಲ್ಲ. ತೆಳ್ಳಗಿನದು 5.1 ಮಿಲಿಮೀಟರ್, ದಪ್ಪನೆಯದು 5.5. ಹೊಸದರಲ್ಲಿ ಇದಕ್ಕಿಂತ ದಪ್ಪ ಇದ್ದಿರಲೇಬೇಕು. ಎಷ್ಟು ದಪ್ಪ?

ಪೀರಸಾಬ 6.4 ಮಾಡಿದ. ಸವೆದದ್ದನ್ನು ತುಂಬಬೇಕು, ಮೇಲೆ ಒಂಚೂರು ಕೊಸರು ಅಂದ. ಸಂತೆಯಲ್ಲಿ ಸೇರು ಅಳೆದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರಲ್ಲ, ಹಾಗೆ. ಗಿರಣಿಯ ರೋಲಿಗೂ ಅವನು ಇದನ್ನೇ ಮಾಡುತ್ತ ಬಂದವನು. ಗಿರಣಿಯವರು ಹೆಬ್ಬೆರಳಿನಿಂದ ಒತ್ತಿ, ಕೈಯಲ್ಲಿ ತೂಗಿ ನೋಡುತ್ತಾರೆ. ದಪ್ಪ ಇದ್ದರೆ ಖುಷಿ. ಎರಡು ಹಂಗಾಮು ಹೆಚ್ಚಿಗೆ ಬಾಳುತ್ತದೆ.

“ಸೈನ್ಯಕ್ಕ ಕೊಡೂದು. ಅಲ್ಲಿ ಜೀನತನ ಮಾಡಾಕಾಗ್ತೈತೇನ್ರಿ?”

ಸಾಹೇಬರಿಗೆ ಸರಿ ಅನಿಸಿತು. ಸುಮೇರಾಳಿಗೂ. ನನಗೂ. ನಾಲ್ಕು ಜನ ಒಪ್ಪಿ ಪ್ಯಾಕ್ ಮಾಡಿದೆವು.

ಆಗಸ್ಟ್ 8, ಶುಕ್ರವಾರ

ಬಸ್ಸಿನಲ್ಲಿ ವಾದ. ಅಮೆರಿಕದವರು ನಮ್ಮ ಮಾಲಿನ ಮೇಲೆ ಇನ್ನಷ್ಟು ಸುಂಕ ಹಾಕುತ್ತಾರಂತೆ, ರಷ್ಯಾದ ಎಣ್ಣೆ ಕೊಳ್ಳುತ್ತೇವೆಂದು. ಮುಂದಿನ ಸೀಟಿನ ಇಬ್ಬರಲ್ಲಿ ಒಬ್ಬರು ಹೇಳಿದರು, ಸೈನ್ಯದ ಸಾಮಾನನ್ನೆಲ್ಲ ಇನ್ನು ಅಮೆರಿಕದಿಂದ ತರಬೇಕು, ರಷ್ಯಾದ ಕೈಲಿ ಆಗುವುದಿಲ್ಲ. ಇನ್ನೊಬ್ಬರು ಕೇಳಿದರು, ಇವತ್ತು ಸುಂಕ ಹಾಕಿದವನು ನಾಳೆ ನಟ್ಟು ಬೋಲ್ಟು ಕೊಡುತ್ತಾನೆಂದು ಯಾವ ನಂಬಿಕೆ? ಫ್ರಾನ್ಸು ಅಂದರು. ದುಬಾರಿ ಅಂದರು. ಪಾರ್ಲಿಮೆಂಟಿನಲ್ಲಿ ಯಾರು ಏನು ಕೂಗಿದರು ಅಂತ ಇಬ್ಬರೂ ಬೇರೆ ಬೇರೆ ಚಾನೆಲ್ ಹೇಳಿದರು. ಎರಡು ಅನುವಾದ, ಮೂಲ ಒಂದೇ.

ಕಂಡಕ್ಟರ್ ಬಂದ.

“ಯಜಮಾನ್ರ, ಮೊದ್ಲ ಟಿಕೆಟ್ ತಗೋರಿ. ಆಮ್ಯಾಲೆ ಯಾವ ದೇಶದ ವಿಮಾನಾರ ತಗೋರಿ.”

ನನಗೂ ಕುತೂಹಲ. ಒಬ್ಬ ಗೆಳೆಯನನ್ನು ಐವತ್ತು ವರ್ಷ ನೆಚ್ಚಿಕೊಂಡರೆ, ಅವನ ಅಳತೆಯೇ ನಮ್ಮ ಮನೆಯ ಅಳತೆಯಾಗಿಬಿಡುತ್ತದೆ. ಅವನ ನಟ್ಟು, ಅವನ ಸ್ಪ್ಯಾನರ್, ಅವನ ಭಾಷೆಯ ಮ್ಯಾನುಯಲ್. ಆಮೇಲೆ ಬೇರೆಯವರ ನಟ್ಟು ಕೂರುವುದಿಲ್ಲ. ಇದನ್ನು ಟಿವಿಯಲ್ಲಿ ಯಾರೂ ಹೇಳುತ್ತಿಲ್ಲ. ಯಾರು ಒಳ್ಳೆಯವರು ಅನ್ನುವುದೇ ಅವರಿಗೆ ಮುಖ್ಯ.

ರಾತ್ರಿ ಊಟಕ್ಕೆ ಕೂತಾಗ ಅವ್ವ ಕೇಳಿದಳು, ನಿನ್ನ ಪುಸ್ತಕದ ಮಂದಿ ಇದಕ್ಕ ಏನಂತಾರ?

ಅವರು ನೂರೈವತ್ತು ವರ್ಷದ ಹಿಂದಿನವರು ಅಂದೆ.

“ಹಂಗಾರ ಅವರ ಬೇಶಿ,” ಅಂದಳು.

ಆಗಸ್ಟ್ 29, ಶುಕ್ರವಾರ

ಫೇಲ್.

ಮೇಲ್‌ನಲ್ಲಿ ಒಂದೇ ಸಾಲು — ದಪ್ಪ ಹೆಚ್ಚು, ಜೋಡಿಸುವಾಗ ಕೂರಲಿಲ್ಲ. ಎಷ್ಟು ಹೆಚ್ಚು ಅಂತ ಇಲ್ಲ. ಇನ್ನೊಂದು ಅವಕಾಶ, ಸೆಪ್ಟೆಂಬರ್ ಕೊನೆಯೊಳಗೆ.

ಸುಮೇರಾ ಎರಡು ಸಲ ಗಟ್ಟಿಯಾಗಿ ಓದಿದಳು. ಪೀರಸಾಬನಿಗೆ ನಂಬಿಕೆ ಬರಲಿಲ್ಲ. ಕಮ್ಮಿ ಅಂದಾರೇನು ಸರಿಯಾಗಿ ನೋಡವಾ ಅಂದ. ಇಲ್ಲ ಕಾಕಾ, ಹೆಚ್ಚು ಅಂದಾರ ಅಂದಳು. ಅವನು ಹೊರಗೆ ಹೋಗಿ ನಳದ ಹತ್ತಿರ ನಿಂತ.

ಸಾಹೇಬರು ಕನ್ನಡಕ ತೆಗೆದರು.

“ಹೆಚ್ಚಿಗಿ ಕೊಟ್ಟಿದ್ದಕ್ಕ ಬೈಸ್ಕೊಂಡಿದ್ದು ಇದ ಮೊದಲ್ನೇ ಸಲ ನೋಡ್ರಿ.”

ಯಾರೂ ನಗಲಿಲ್ಲ. ಸಂಜೆ ಮೂರನೆಯ ಪ್ರೆಸ್ಸಿಗೆ ತಾಡಪತ್ರಿ ಹೊದಿಸಿದರು. ಧೂಳು ಕೂರಬಾರದಂತೆ. ಕೊಳ್ಳುವವರು ಬಂದು ನೋಡುತ್ತಾರಲ್ಲ.

ಸೆಪ್ಟೆಂಬರ್ 3, ಬುಧವಾರ

ಕಾದಂಬರಿ ಮುಗಿಯಿತು. ಇದೇ ಕಾದಂಬರಿಯ ಇನ್ನೊಂದು ಕನ್ನಡ ಅನುವಾದ ನನ್ನ ಹತ್ತಿರ ಇದೆ, ಹೊಸದು. ಒಂದು ಪುಟ ಪಕ್ಕ ಪಕ್ಕ ಇಟ್ಟು ನೋಡಿದೆ. ಒಂದರಲ್ಲಿ ಆತ ‘ನಿಟ್ಟುಸಿರಿಟ್ಟ’. ಇನ್ನೊಂದರಲ್ಲಿ ‘ಮೂಗಿನಲ್ಲಿ ಉಸಿರು ಬಿಟ್ಟ’. ಎರಡೂ ಓದಿದಾಗ ಮೂಲದವನು ಏನು ಮಾಡಿರಬಹುದು ಅಂತ ಸ್ವಲ್ಪ ಕಾಣುತ್ತದೆ. ಒಂದನ್ನೇ ಓದಿದ್ದರೆ ನಂಬಿಕೊಂಡು ಸುಮ್ಮನಿರುತ್ತಿದ್ದೆ.

ನಮ್ಮ ಹತ್ತಿರ ಒಂದೇ ರಿಂಗು ಇದೆ.

ಸುಮೇರಾಳಿಗೆ ಹೇಳಿ ಮೇಲ್ ಬರೆಸಿದೆ — ಇನ್ನೊಂದು ಹಳೆಯದು ಸಿಗುತ್ತದೆಯೇ? ಇಲ್ಲವೆ, ಅದು ಕೂರುವ ಜಾಗವನ್ನು ಒಮ್ಮೆ ಅಳೆಯಬಹುದೇ?

ಸೆಪ್ಟೆಂಬರ್ 5, ಶುಕ್ರವಾರ

ಉತ್ತರ. ಬೇರೆ ರಿಂಗು ಲಭ್ಯವಿಲ್ಲ. ವಾಹನ ನೋಡಲು ಅನುಮತಿಗೆ ಅರ್ಜಿ ಹಾಕಬಹುದು, ಮೂರರಿಂದ ಆರು ತಿಂಗಳು.

ಈದ್ ರಜೆ. ಇದನ್ನು ಹೇಳಲೆಂದೇ ಸುಮೇರಾ ಸವಣೂರಿನ ಮನೆಯಿಂದ ಫೋನ್ ಮಾಡಿದಳು. ಹಿಂದೆ ಮೆರವಣಿಗೆಯ ಸದ್ದು. ಅಪ್ಪ ಬಿರಿಯಾನಿ ಮುಂದೆ ಕೂತು ಪ್ರೆಸ್ಸಿನ ರೇಟು ಲೆಕ್ಕ ಹಾಕುತ್ತಿದ್ದಾರೆ ಅಂದಳು.

ಸೆಪ್ಟೆಂಬರ್ 7, ಭಾನುವಾರ

ಸುನೀಲ ಫೋನ್ ಮಾಡುವ ಮೊದಲೇ ಏನು ಕೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಗಾಡಿಯ ಹೆಸರು ಬೇಡ. ಊರು ಬೇಡ. ಇಂಥ ರಿಂಗು ಕೂರುವ ಜಾಗದ ಆಳ ಎಷ್ಟು? ಒಂದು ಅಂಕಿ ಮಾತ್ರ.

ಕೇಳಿದೆ.

“ಅಕ್ಕ, ನೀ ಕೇಳಿದ್ದು ನನಗ ಕೇಳಿಸಿಲ್ಲ,” ಅಂದ. “ಅವ್ವಗ ಕೊಡು.”

ಕೊಟ್ಟೆ. ಅವ್ವ ಮಾತು ಮುಗಿಸಿ ನನ್ನ ಮುಖ ನೋಡಿದಳು. ಏನ್ ಕೇಳಿದಿ ಅವಂಗ ಅಂದಳು. ಏನಿಲ್ಲ ಅಂದೆ.

ಸಂಜೆ ಅವನಿಂದ ವಾಟ್ಸಾಪಿನಲ್ಲಿ ಒಂದು ಫೋಟೊ. ದೊಡ್ಡದು ಮಾಡಿ ಮೂಲೆ ಮೂಲೆ ನೋಡಿದೆ. ತಟ್ಟೆ. ಮೂರು ಚಪಾತಿ, ಬಟಾಟಿ ಪಲ್ಯ, ಒಂದು ಉಳ್ಳಾಗಡ್ಡಿ. ಕೆಳಗೆ — ಅವ್ವಗ ತೋರಸು, ಉಂಡೇನಿ ಅಂತ ಹೇಳು.

ಊಟದ ಫೋಟೊ. ಅಷ್ಟೇ. ಅದರಲ್ಲಿ ನಾನು ಮಿಲಿಮೀಟರ್ ಹುಡುಕಿದೆ.

ಅವನು ಹೇಳಿದ್ದೇ ಸರಿ.

ಸೆಪ್ಟೆಂಬರ್ 12, ಶುಕ್ರವಾರ, ಮಧ್ಯಾಹ್ನ

ಕರೆಂಟ್ ಇಲ್ಲ. ಬುತ್ತಿ ಆದ ಮೇಲೆ ರಿಂಗು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದೆ. ಕಣ್ಣು ಮುಚ್ಚಿ ಬೆರಳು ಓಡಿಸಿದೆ. ನಯ, ನಯ, ನಯ… ಆ ಎರಡು ಅಕ್ಷರಗಳ ಪಕ್ಕ ಒಂದು ಕಡೆ ಸ್ವಲ್ಪ ಉಬ್ಬು. ಮತ್ತೆ ನಯ. ಇನ್ನೊಂದು ಸುತ್ತು. ಅಲ್ಲೇ ಉಬ್ಬು.

ಬಾಗಿಲಿಗೆ ಒಯ್ದು ಬಿಸಿಲಲ್ಲಿ ನೋಡಿದೆ. ರಿಂಗೆಲ್ಲ ಲೋಹಕ್ಕೆ ಒತ್ತಿ ಹೊಳೆಯುತ್ತಿದೆ. ಅಲ್ಲಿ ಮಾತ್ರ, ಉಗುರಿನ ಅರ್ಧಚಂದ್ರದಷ್ಟು ಜಾಗ, ಮಂಕಾಗಿದೆ. ಹೊಸ ರಬ್ಬರ್ ಹೀಗೇ ಮಂಕಾಗಿರುತ್ತದೆ. ಅದರ ಎದುರಿನ ಲೋಹದಲ್ಲಿ ತಗ್ಗೋ ತೂತೋ ಇರಬೇಕು. ಅಷ್ಟು ಜಾಗಕ್ಕೆ ಒತ್ತಡವೇ ಬಿದ್ದಿಲ್ಲ. ಅಷ್ಟು ಜಾಗ ಇನ್ನೂ ಹೊಸದು.

ಅಳೆದೆ. 5.9. ಮತ್ತೆ ಅಳೆದೆ. 5.9.

ನಾನು ಸಮ ಅಂತರದಲ್ಲಿ ಎಂಟು ಕಡೆ ಅಳೆದಿದ್ದೆ. ಈ ಜಾಗ ಎರಡು ಗುರುತುಗಳ ನಡುವೆ ಉಳಿದುಹೋಗಿತ್ತು.

ಸುಮೇರಾಳನ್ನು ಕೂಗಿದೆ. ಇಷ್ಟು ವರ್ಷದಲ್ಲಿ ನಾನು ಕೂಗಿದ್ದು ಕೇಳಿಲ್ಲವಂತೆ, ಬೆಂಕಿ ಬಿತ್ತೆಂದು ಓಡಿಬಂದಳು. ತಾನೂ ಬೆರಳಾಡಿಸಿದಳು. ಆಮೇಲೆ ಸಾಹೇಬರು. ಕೊನೆಗೆ ಪೀರಸಾಬ, ಕೈ ತೊಳೆದುಕೊಂಡು ಬಂದು. ಅವನು ಬಹಳ ಹೊತ್ತು ಹಿಡಿದುಕೊಂಡ.

ಸೆಪ್ಟೆಂಬರ್ 16, ಮಂಗಳವಾರ

ಅಚ್ಚು ತಿದ್ದಲು ಹುಬ್ಬಳ್ಳಿಗೆ ಕಳಿಸಬೇಕು. ಪೀರಸಾಬ ಅಚ್ಚು ಬಿಡಲು ತಯಾರಿಲ್ಲ. 5.9 ಅವನಿಗೆ ಒಪ್ಪಿಗೆ. ಬರೀ 5.9 ಒಪ್ಪಿಗೆ ಇಲ್ಲ. ಆರು ಮಾಡೋಣ ಅನ್ನುತ್ತಾನೆ. ಕೂದಲೆಳೆ ಹೆಚ್ಚಾದರೆ ಯಾರಿಗೆ ಗೊತ್ತಾಗುತ್ತದೆ?

ಸಾಹೇಬರು ನನ್ನ ಕಡೆ ನೋಡಿದರು. ನಾನು ಪೀರಸಾಬನ ಕಡೆ.

“ಬಾಯಾರ, ಖರೆ ಹೇಳ್ರಿ. ಬರೋಬ್ಬರಿ ಅಳತಿ ಕೊಟ್ರ, ಪೀರಸಾಬ ರಬ್ಬರ್ ಉಳಿಸಿಕೊಂಡ ಅಂತ ನಾಳೆ ಯಾರೂ ಅನ್ನಂಗಿಲ್ಲೇನು?”

“ಅನ್ನಂಗಿಲ್ಲ. ಇದು ಸವೀಲಿ ಅಂತ ಮಾಡಿದ್ದಲ್ಲ ಪೀರಸಾಬ. ಕೂರಲಿ ಅಂತ ಮಾಡಿದ್ದು. ಕೂತ್ರ ಸಾಕು.”

“ಕೂತ್ರ ಸಾಕು,” ಅಂದ. ಬೇರೆ ಭಾಷೆಯ ಮಾತು ಕಲಿಯುವವನಂತೆ ಇನ್ನೊಮ್ಮೆ ಅಂದ. “ಕೈ ಬರವಲ್ದು ನೋಡ್ರಿ.”

ಅಚ್ಚು ಕೊಟ್ಟ. ತಾನೇ ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನವರೆಗೂ ತಾನೇ ಹೊತ್ತ.

ಸೆಪ್ಟೆಂಬರ್ 24, ಬುಧವಾರ

ಎರಡನೆಯ ಸ್ಯಾಂಪಲ್ ಹೋಯಿತು. ಪ್ರತಿಯೊಂದನ್ನೂ ಹನ್ನೆರಡು ಕಡೆ ಅಳೆದೆ, ಅಂತರ ಸಮ ಇರದಂತೆ. ಸರಿ ಇದೆ. ಪ್ಯಾಕೆಟ್ ಅಂಟಿಸಿದ್ದು ಪೀರಸಾಬ.

ಸೆಪ್ಟೆಂಬರ್ 26, ಶುಕ್ರವಾರ

ಸಾಹೇಬರು ಹುಬ್ಬಳ್ಳಿಯಲ್ಲಿ ಕೇಳಿಕೊಂಡು ಬಂದದ್ದು — ರಷ್ಯಾದವರು ಮತ್ತೆ ಸಾಮಾನು ಕಳಿಸುತ್ತಾರಂತೆ. ಒಂದು ಹಡಗು ಹೊರಡಲಿದೆಯಂತೆ. ಹೇಳಿದವನು ನಮ್ಮಂತೆಯೇ ಸ್ಯಾಂಪಲ್ ಕೊಟ್ಟವನು. ಖರೆಯೋ ಸುಳ್ಳೋ ಅವನಿಗೂ ಗೊತ್ತಿಲ್ಲ. ಟಿವಿಯಲ್ಲಿ ಹಾಗೇನೂ ಇಲ್ಲ. ಹಳೆಯ ಸ್ನೇಹ, ಗಟ್ಟಿ ಸ್ನೇಹ ಅನ್ನುವ ಮಾತು ಮಾತ್ರ.

“ಹಳೇ ದೋಸ್ತ ಬಾಗಿಲಿಗೆ ಬಂದ್ರ ನಮ್ಮನ್ನ ಯಾರ ಕೇಳ್ತಾರ?” ಅಂದ ಪೀರಸಾಬ.

ಬಸ್ಸಿನಲ್ಲಿ ಪುಸ್ತಕ ತೆರೆಯಲಿಲ್ಲ. ಆ ಹಡಗು ತಡವಾಗಲಿ ಅಂತ ಅಂದುಕೊಳ್ಳುತ್ತಿದ್ದೆ. ಬಂಕಾಪುರದ ಹತ್ತಿರ ಅದು ಗಮನಕ್ಕೆ ಬಂತು. ಆ ಹಡಗನ್ನು ಕಾಯುವವರಲ್ಲಿ ಸುನೀಲ ಇರಬಹುದು. ನಿಂತ ಗಾಡಿಯ ಕೆಳಗೆ ಬೆನ್ನು ಹಚ್ಚಿ ಮಲಗಿ, ಎಣ್ಣೆ ಎಲ್ಲಿ ಸೋರುತ್ತಿದೆ ಅಂತ ನೋಡುತ್ತಿರಬಹುದು. ಅವನಿಗೆ ಯಾರ ರಿಂಗಾದರೇನು. ಮೊದಲು ಬಂದದ್ದು ಒಳ್ಳೆಯದು.

ಗೆಳೆಯ ಕೈಕೊಡಲಿ ಅಂತ ಬಯಸುವ ಜಾಗಕ್ಕೆ ಹೇಗೆ ಬಂದು ಕೂತೆ ನಾನು?

ನಿಲ್ಲಿಸುತ್ತೇನೆ. ಹಾಗೆ ಬಯಸುವುದನ್ನು. ಬರೆಯುವುದನ್ನೂ, ಇವತ್ತಿಗೆ.

ಅಕ್ಟೋಬರ್ 1, ಬುಧವಾರ

ಆಯುಧ ಪೂಜೆ. ಪ್ರೆಸ್‌ಗಳಿಗೆ ಸೇವಂತಿಗೆ. ಪ್ರತಿ ವರ್ಷದಂತೆ ಕುಂಬಳಕಾಯಿ ತಂದವರು ಸಾಹೇಬರೇ. ಒಡೆಯುವವರು ನಮ್ಮಲ್ಲಿ ರೋಲಿನ ಅಂಚು ಕತ್ತರಿಸುವ ಹೆಂಗಸರು. ನನಗೆ ಪೂಜೆಯ ರೂಢಿ ಇಲ್ಲ, ಮನೆಯಲ್ಲಿ ನಾವು ಬುದ್ಧನ ಮುಂದೆ ದೀಪ ಹಚ್ಚುವವರು. ಚುರುಮುರಿ ಹಂಚುವ ಕೆಲಸ ನನ್ನದು.

ಹೆಂಗಸರು ಹಾಡು ಹೇಳುತ್ತಿದ್ದಾಗ ಪ್ರೆಸ್ ಕೊಳ್ಳುವ ಹುಬ್ಬಳ್ಳಿಯವರು ಬಂದರು. ಹಬ್ಬದ ದಿನವೇ. ತಾಡಪತ್ರಿ ಎತ್ತಿ ನೋಡಿದರು, ಫೋಟೊ ತೆಗೆದರು. ಮೊದಲನೆಯ ಪ್ರೆಸ್ಸಿನ ಫೋಟೊ ತೆಗೆಯಲು ಹೋದಾಗ ಸುಮೇರಾ ಅದರ ಮುಂದೆ ನಿಂತಳು. ಚೂರು ಸರೀರಿ ಮೇಡಂ ಅಂದರು. ಸರಿಯಲಿಲ್ಲ. ಸಾಹೇಬರೂ ಸರಿದು ನಿಲ್ಲು ಅನ್ನಲಿಲ್ಲ. ಫೋಟೊದಲ್ಲಿ ಅವಳೂ ಇದ್ದಾಳೆ.

ಅಕ್ಟೋಬರ್ 12, ಭಾನುವಾರ

ಸುನೀಲ. ದೀಪಾವಳಿಗೆ ರಜೆ ಇಲ್ಲ. ಅವ್ವ ಅತ್ತಳು, ಆಮೇಲೆ ಕಾಲುಚೀಲದ ಬಗ್ಗೆ ಬೈದಳು. ನಾನು ಏನೂ ಕೇಳಲಿಲ್ಲ. ಅವನೇ ಕೇಳಿದ, ಈಗ ಏನು ಓದುತ್ತಿದ್ದೀ ಅಕ್ಕ? ಜಪಾನಿನದು ಅಂದೆ. ರಷ್ಯಾ ಬಿಟ್ಟೇನು ಅಂದ. ಬಿಟ್ಟಿಲ್ಲ, ಅದರ ಜೊತೆಗೆ ಅಂದೆ.

ನಕ್ಕ. ಬಹಳ ದಿನದ ಮೇಲೆ.

ಅಕ್ಟೋಬರ್ 17, ಶುಕ್ರವಾರ

ಪಾಸ್.

ಸುಮೇರಾ ಮೇಲ್ ಓದಿದ ರೀತಿಯಲ್ಲೇ ಬರೆಯುತ್ತೇನೆ. ರಿಂಗುಗಳು ಕೂತಿವೆ. ಸೋರಿಲ್ಲ. ಮೊದಲ ಆರ್ಡರ್ ದೊಡ್ಡದಲ್ಲ, ಆದರೆ ಎರಡನೆಯ ಪ್ರೆಸ್ ಕಾಯುವಷ್ಟು ಇದೆ. ಸಾಹೇಬರು ಅಧಿಕಾರಿಗೆ ಫೋನ್ ಮಾಡಿ ಹಡಗಿನ ವಿಷಯ ಕೇಳಿಯೇಬಿಟ್ಟರು. ಅವರು ಹೌದೆನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಅಲ್ಲಿಂದ ಬಂದರೂ ಇನ್ನು ಮುಂದೆ ಇಲ್ಲಿಂದಲೂ ಬೇಕು ಅಂದರಂತೆ, ಒಂದೇ ಬಾಗಿಲು ನೋಡಿಕೊಂಡು ಕೂರುವುದು ಸಾಕಾಗಿದೆಯಂತೆ.

ಆಮೇಲೆ ಸಾಹೇಬರು ಹುಬ್ಬಳ್ಳಿಯವರಿಗೆ ಫೋನ್ ಹಚ್ಚಿದರು. ಸದ್ಯಕ್ಕ ಬ್ಯಾಡ್ರಿ ಅಂದರು. ಅಷ್ಟೇ. ಪೀರಸಾಬ ಅಷ್ಟರಲ್ಲಿ ತಾಡಪತ್ರಿ ಮಡಚುತ್ತಿದ್ದ.

ಮೇಲ್‌ನ ಕೊನೆಗೆ ಇನ್ನೊಂದು ಸಾಲು ಇತ್ತು. ಹತ್ತು ಕೇಳಲಾಗಿತ್ತು, ಹನ್ನೊಂದು ಬಂದಿವೆ, ಹೆಚ್ಚಿನದನ್ನು ಹಿಂದಿರುಗಿಸಲಾಗಿದೆ.

ಎಲ್ಲರೂ ಪೀರಸಾಬನ ಕಡೆ ತಿರುಗಿದೆವು.

“ದಪ್ಪ ಮಾಡಬ್ಯಾಡ ಅಂದ್ರಿ. ಮಾಡಲಿಲ್ಲ,” ಅಂದ. “ಒಂದ ಜಾಸ್ತಿ ಹಾಕಬ್ಯಾಡ ಅಂತ ಯಾರ ಅಂದಿದ್ರಿ?”

ಸಾಹೇಬರು ನಗಲು ಶುರು ಮಾಡಿದವರು ಕೆಮ್ಮು ಬಂದು ನೀರು ಕುಡಿಯಬೇಕಾಯಿತು.

ಅಕ್ಟೋಬರ್ 18, ಶನಿವಾರ, ಸಂಜೆ 4

ಹಿಂದಿರುಗಿಸಿದ ರಿಂಗು ಕೊರಿಯರ್‌ನಲ್ಲಿ ಬಂತು. ಪೀರಸಾಬ ಅದನ್ನು ಎರಡನೆಯ ಪ್ರೆಸ್ಸಿನ ಹಿಡಿಕೆಗೆ ತೊಡಿಸಿದ್ದಾನೆ. ಪ್ರೆಸ್ ಬೆಳಿಗ್ಗೆಯಿಂದ ಕಾಯುತ್ತಿದೆ. ಶೆಡ್ಡಿನಲ್ಲಿ ಸುಟ್ಟ ರಬ್ಬರಿನ ವಾಸನೆ. ಯಾರೂ ಮೂಗು ಮುಚ್ಚಿಕೊಂಡಿಲ್ಲ.

ಅದೇ ಪ್ಯಾಕೆಟ್ಟಿನಲ್ಲಿ ಇನ್ನೊಂದು ಚಿಕ್ಕ ಪೊಟ್ಟಣ ಇತ್ತು. ಚೀಟಿ — ಇದೂ ಬರುತ್ತಿಲ್ಲ, ಒಂದೇ ಇದೆ, ನೋಡಿ ತಿಳಿಸಿ.

ಬಿಡಿಸಿದೆ. ರಿಂಗಲ್ಲ. ಟೋಪಿಯ ಆಕಾರ, ಒಳಗೆ ಮೂರು ಮಡಿಕೆ. ಅಕ್ಷರ ಈ ಸಲ ನಾಲ್ಕು. ಎರಡು ಗೊತ್ತು. ವರ್ನಿಯರ್ ಇನ್ನೂ ಮುಟ್ಟಿಲ್ಲ. ಎಡಗೈಯಲ್ಲಿ ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಕಣ್ಣು ಮುಚ್ಚಿ ಒಂದು ಸುತ್ತು ಬಂದೆ. ನಯ. ಎರಡನೆಯ ಮಡಿಕೆಯ ಒಳಗೆ, ಬೆರಳ ತುದಿ ಹೋಗುವಷ್ಟೇ ಜಾಗದಲ್ಲಿ, ಏನೋ…

ಇರು —